ಬಲಿಪೂಜೆ ಬದಲಾದ ಮೇಲೆ: ಬೆಂಗಳೂರಿನ ಕಥೋಲಿಕರ ಆರಾಧನೆ ಮತ್ತು ವಿಶ್ವಾಸ

ಬೆಂಗಳೂರಿನ ದೊಡ್ಡ ಕಥೋಲಿಕ ಚರ್ಚುಗಳ ಗೇಟಿನ ಪಕ್ಕದಲ್ಲಿ ಬಲಿಪೂಜೆಯ, ಅಂದರೆ ಇಂಗ್ಲಿಷಿನವರ ‘ಮಾಸ್’ನ, ವೇಳೆಯ ಫಲಕವೊಂದು ಇದ್ದೇ ಇರುತ್ತದೆ. ನಮ್ಮ ಮನೆಗೆ ಹತ್ತಿರದ ಚರ್ಚಿನ ಫಲಕದಲ್ಲಿ ಭಾನುವಾರದ ಸಾಲಿಗೆ ಬೆಳಗಿನ ಐದೂವರೆಗೆ ತಮಿಳು, ಏಳಕ್ಕೆ ಕನ್ನಡ, ಎಂಟೂವರೆಗೆ ಇಂಗ್ಲಿಷ್, ತಿಂಗಳಿಗೊಮ್ಮೆ ಹನ್ನೊಂದಕ್ಕೆ ಕೊಂಕಣಿ, ಸಂಜೆ ಮತ್ತೆ ಇಂಗ್ಲಿಷ್ ಎಂದು ಬರೆದಿದೆ. ಬಣ್ಣ ಮಾಸಿದ ಆ ತಗಡಿನ ಮೇಲೆ ಕನ್ನಡ ಪೂಜೆಯ ಸಮಯವನ್ನು ಎರಡು ಸಲ ಅಳಿಸಿ ಬರೆದ ಗುರುತು ಈಗಲೂ ಕಾಣುತ್ತದೆ. ಎಪ್ಪತ್ತು ವರ್ಷಗಳ ಹಿಂದಾಗಿದ್ದರೆ ಇಂಥ ಫಲಕಕ್ಕೆ ಗಂಟೆಗಳಷ್ಟೇ ಸಾಕಾಗುತ್ತಿತ್ತು, ಭಾಷೆಯ ಕಾಲಮ್ಮೇ ಬೇಕಿರಲಿಲ್ಲ. ಉಪದೇಶ ತಮಿಳಿನಲ್ಲಿರಲಿ ಕನ್ನಡದಲ್ಲಿರಲಿ, ಪೂಜೆ ಮಾತ್ರ ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. ಕಥೋಲಿಕ ಆರಾಧನೆಯಲ್ಲಿ ಆದ ಬದಲಾವಣೆಯಿಂದ ವಿಶ್ವಾಸ ಗಟ್ಟಿಯಾಯಿತೋ ಸಡಿಲವಾಯಿತೋ ಎಂಬ ವಾದ ಪ್ರಪಂಚದ ಬೇರೆಡೆ ಲ್ಯಾಟಿನ್ ಪೂಜೆಯ ಸುತ್ತ ಸುತ್ತುತ್ತಿದೆ. ಬೆಂಗಳೂರಿನ ಮಟ್ಟಿಗೆ ಆ ವಾದಕ್ಕೆ ಪ್ರವೇಶದ್ವಾರ ಈ ಫಲಕದ ಭಾಷಾ ಕಾಲಮ್ಮೇ ಎಂಬುದು ನನ್ನ ಅಭಿಪ್ರಾಯ.

ವಾದ ಹಳೆಯದಾದರೂ ಈಚಿನ ವರ್ಷಗಳಲ್ಲಿ ಮತ್ತೆ ಕಾವೇರಿದೆ. 2007ರ ಜುಲೈ 7ರಂದು ಪೋಪ್ ಹದಿನಾರನೇ ಬೆನೆಡಿಕ್ಟ್ ಅವರು ಹಳೆಯ ಲ್ಯಾಟಿನ್ ಪೂಜಾವಿಧಿಯನ್ನು ಯಾವ ಗುರುವಾದರೂ ಹೆಚ್ಚಿನ ಅಡೆತಡೆಯಿಲ್ಲದೆ ಅರ್ಪಿಸಬಹುದೆಂದು ಅನುಮತಿ ನೀಡಿದರು. 2021ರ ಜುಲೈ 16ರಂದು ಪೋಪ್ ಫ್ರಾನ್ಸಿಸ್ ಅವರು ಅದೇ ಅನುಮತಿಯನ್ನು ಬಿಗಿಗೊಳಿಸಿ, ಧರ್ಮಾಧ್ಯಕ್ಷರ (ಬಿಷಪ್) ಒಪ್ಪಿಗೆಯಿಲ್ಲದೆ, ಕೆಲವು ಸಂದರ್ಭಗಳಲ್ಲಿ ರೋಮಿನ ಒಪ್ಪಿಗೆಯೂ ಇಲ್ಲದೆ, ಅದು ನಡೆಯಕೂಡದೆಂದರು. ಫ್ರಾನ್ಸಿಸ್ ಅವರು 2025ರ ಏಪ್ರಿಲ್ 21ರಂದು ತೀರಿಕೊಂಡು, ಮೇ 8ರಂದು ಹದಿನಾಲ್ಕನೇ ಲಿಯೋ ಆಯ್ಕೆಯಾದ ಬಳಿಕ, ಅದೇ ವರ್ಷದ ಅಕ್ಟೋಬರಿನಲ್ಲಿ ವ್ಯಾಟಿಕನ್ನಿನ ಸಂತ ಪೇತ್ರರ ಬಸಿಲಿಕದಲ್ಲಿಯೇ ಕಾರ್ಡಿನಲ್ ಬರ್ಕ್ ಅವರು ಹಳೆಯ ವಿಧಿಯ ಪೂಜೆ ಅರ್ಪಿಸಿದಾಗ, ಬಾಗಿಲು ಮತ್ತೆ ತೆರೆಯಿತೆಂದು ಹಿಗ್ಗಿದವರೂ ಕಳವಳಗೊಂಡವರೂ ಇದ್ದರು. ಎರಡೂ ಪಕ್ಷದವರು ಕೈಗೆತ್ತಿಕೊಳ್ಳುವುದು ಒಂದೇ ಸೂತ್ರವನ್ನು: ಪ್ರಾರ್ಥನೆಯ ಕ್ರಮವೇ ವಿಶ್ವಾಸದ ಕ್ರಮ. ಐದನೇ ಶತಮಾನದ ಅಕ್ವಿಟೇನಿನ ಪ್ರಾಸ್ಪರನ ಮಾತಿನಿಂದ ಬೆಳೆದು ಬಂದ ಈ ಸೂತ್ರದ ಪ್ರಕಾರ ಜನ ಹೇಗೆ ಪ್ರಾರ್ಥಿಸುತ್ತಾರೋ ಹಾಗೆ ನಂಬುತ್ತಾರೆ; ಆದ್ದರಿಂದ ಪೂಜೆಯನ್ನು ತಿದ್ದಿದರೆ ನಂಬಿಕೆಯೇ ತಿದ್ದುಪಡಿಯಾಗುತ್ತದೆ.

ತಿದ್ದಿದ್ದು ಏನನ್ನು ಎಂಬುದನ್ನು ಮೊದಲು ಬಿಡಿಸಿ ನೋಡಬೇಕು, ಏಕೆಂದರೆ ಜನರ ಬಾಯಲ್ಲಿ ಎಲ್ಲವೂ ‘ವ್ಯಾಟಿಕನ್ ಕೌನ್ಸಿಲ್ ಮಾಡಿದ್ದು’ ಎಂಬ ಒಂದೇ ಗಂಟಾಗಿಬಿಟ್ಟಿದೆ. ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರು ಸೇರಿದ ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನೆ ಕುರಿತ ತನ್ನ ಶಾಸನವನ್ನು 2147 ಮತಗಳಿಂದ ಅಂಗೀಕರಿಸಿತು, ವಿರೋಧ ಬಂದದ್ದು 4 ಮಾತ್ರ. ವಿಶ್ವಾಸಿಗಳು ಪೂಜೆಯಲ್ಲಿ ಪೂರ್ಣವಾಗಿ, ಅರಿವಿನಿಂದ, ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂದು ಹೇಳಿದ ಆ ಶಾಸನ, ಲ್ಯಾಟಿನ್ ಉಳಿಯಬೇಕೆಂದೂ ಹೇಳಿತ್ತು, ದೇಶಭಾಷೆಗಳಿಗೆ ಜಾಗ ಕೊಡಬಹುದೆಂದೂ ಹೇಳಿತ್ತು. ಗುರುಗಳು ಜನರತ್ತ ಮುಖಮಾಡಿ ನಿಲ್ಲಬೇಕೆಂದು ಎಲ್ಲಿಯೂ ಹೇಳಿರಲಿಲ್ಲ. ಬಲಿಪೀಠವನ್ನು ಗೋಡೆಯಿಂದ ಬಿಡಿಸಿ, ಸುತ್ತಲೂ ನಡೆಯುವಂತೆ, ಜನರಿಗೆ ಎದುರಾಗಿ ಪೂಜೆ ಮಾಡಲು ಬರುವಂತೆ ಕಟ್ಟುವುದು ಒಳಿತೆಂದದ್ದು 1964ರ ಸೆಪ್ಟೆಂಬರಿನ ಸುತ್ತೋಲೆ, ಅದು ಜಾರಿಗೆ ಬಂದದ್ದು 1965ರ ಮಾರ್ಚ್ 7ರಂದು. ಪೂಜೆಯ ಹೃದಯಭಾಗವಾದ ಅರ್ಪಣಾ ಪ್ರಾರ್ಥನೆಯೂ ದೇಶಭಾಷೆಯಲ್ಲಾಗಬಹುದೆಂಬ ಅನುಮತಿ 1967ರದು. ಪೋಪ್ ಆರನೇ ಪೌಲರು ಹೊಸ ಪೂಜಾಗ್ರಂಥವನ್ನು ಘೋಷಿಸಿದ್ದು 1969ರ ಏಪ್ರಿಲ್ 3ರಂದು. ಅಂದರೆ ಮಹಾಸಭೆ ಬಿತ್ತಿದ್ದಕ್ಕಿಂತ ಹೆಚ್ಚು ಬೆಳೆ ಅದರ ನಂತರದ ಆರು ವರ್ಷಗಳಲ್ಲಿ ಬಂತು, ಮತ್ತು ಅಷ್ಟು ಬೇಗ ಬಂದ ಬೆಳೆಯನ್ನು ಒಕ್ಕಿ ತೂರಲು ಹಳ್ಳಿಯ ಉಪದೇಶಿಗಾಗಲಿ ಪಟ್ಟಣದ ಗುರುವಿಗಾಗಲಿ ಪುರಸತ್ತು ಇರಲಿಲ್ಲ.

ಹಾಗೆಂದು ಅದಕ್ಕೆ ಮೊದಲು ಎಲ್ಲವೂ ಸಾವಿರ ವರ್ಷ ಕದಲದೆ ನಿಂತಿತ್ತು ಎಂಬ ಚಿತ್ರವೂ ಸರಿಯಲ್ಲ. ಪದೇಪದೇ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಅರ್ಪಿಸಿದ ರೊಟ್ಟಿಯನ್ನು, ಸ್ವೀಕರಿಸಿ ಎಂದು ಜನರನ್ನು ಪ್ರೋತ್ಸಾಹಿಸಿದ್ದು 1905ರಲ್ಲಿ ಹತ್ತನೇ ಪಿಯುಸ್. ಏಳರ ಆಸುಪಾಸಿನ ಮಕ್ಕಳಿಗೂ ಪ್ರಸಾದ ಕೊಡಬಹುದೆಂದದ್ದು 1910ರಲ್ಲಿ ಅವರೇ. ಪ್ರಸಾದ ಸ್ವೀಕರಿಸುವವರು ಹಿಂದಿನ ನಡುರಾತ್ರಿಯಿಂದ ನೀರು ಕೂಡ ಮುಟ್ಟದ ಉಪವಾಸ 1950ರ ದಶಕದಲ್ಲಿ ಮೂರು ಗಂಟೆಗೂ 1964ರಲ್ಲಿ ಒಂದು ಗಂಟೆಗೂ ಇಳಿಯಿತು. ಈ ಕೊನೆಯ ಬದಲಾವಣೆಯ ಬಗ್ಗೆ ಯಾರೂ ಗ್ರಂಥ ಬರೆದು ಜಗಳವಾಡುವುದಿಲ್ಲ. ಆದರೆ ಸಾಮಾನ್ಯ ವಿಶ್ವಾಸಿಯ ಮೈಗೆ ಮುಟ್ಟಿದ್ದು ಅದೇ. ಹಸಿದ ಹೊಟ್ಟೆಯಲ್ಲಿ ಮುಂಜಾನೆ ಮೂರು ಮೈಲಿ ನಡೆದು ಬಂದವನಿಗೆ ತಾನು ಸ್ವೀಕರಿಸುವುದು ಸಾಮಾನ್ಯ ತಿನಿಸಲ್ಲ ಎಂದು ಪ್ರತ್ಯೇಕವಾಗಿ ಬೋಧಿಸಬೇಕಾಗಿರಲಿಲ್ಲ, ಹೊಟ್ಟೆಯೇ ಹೇಳುತ್ತಿತ್ತು.

ನಮ್ಮ ತಾತ ಕನಕಪುರದ ಕಡೆಯ ಹಳ್ಳಿಯವರು, ಹುಡುಗನಾಗಿದ್ದಾಗ ಪೂಜೆಗೆ ಸಹಾಯ ಮಾಡುತ್ತಿದ್ದವರು. ಅವರ ಟ್ರಂಕಿನಲ್ಲಿ ಒಂದು ನೋಟ್‌ಬುಕ್ ಇತ್ತು. ಲ್ಯಾಟಿನ್ ಉತ್ತರಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದರು: ‘ದೋಮಿನುಸ್ ವೋಬಿಸ್ಕುಂ’ ಎಂಬ ಸಾಲಿನ ಎದುರಿಗೆ ‘ಎತ್ ಕುಂ ಸ್ಪಿರಿತು ತುವೊ’. ಅರ್ಥ ಕೇಳಿದರೆ ‘ಸ್ವಾಮಿಯವರಿಗೆ ಗೊತ್ತು, ದೇವರಿಗೆ ಗೊತ್ತು, ನನಗ್ಯಾಕೆ’ ಎನ್ನುತ್ತಿದ್ದರು. ಅಜ್ಜಿಯ ಲೆಕ್ಕ ಬೇರೆ. ಪೂಜೆ ನಡೆಯುವಷ್ಟೂ ಹೊತ್ತು ಆಕೆ ಸೆರಗು ಹೊದ್ದು ಮಂಡಿಯೂರಿ ಜಪಸರ ಎಣಿಸುತ್ತಿದ್ದಳಂತೆ. ಗುರುಗಳು ರೊಟ್ಟಿಯನ್ನು ಮೇಲೆತ್ತಿದಾಗ ಗಂಟೆ ಬಾರಿಸುತ್ತಿದ್ದ ಆ ಗಳಿಗೆಯಲ್ಲಿ ಮಾತ್ರ ಮಣಿಯನ್ನು ಬೆರಳ ಮಧ್ಯೆ ಹಿಡಿದು ತಲೆಯೆತ್ತಿ ನೋಡಿ, ಎದೆ ಬಡಿದುಕೊಂಡು, ಮತ್ತೆ ಜಪಕ್ಕೆ ಮರಳುತ್ತಿದ್ದಳು. ಸುಧಾರಣೆಯ ಪರವಾದವರು ಈ ಚಿತ್ರವನ್ನು ಅಜ್ಞಾನಕ್ಕೆ ಉದಾಹರಣೆಯಾಗಿ ಕೊಡುತ್ತಾರೆ, ಹಳೆಯ ವಿಧಿಯ ಪರವಾದವರು ಭಕ್ತಿಗೆ. ನನಗೆ ಎರಡೂ ಅರ್ಧಸತ್ಯವಾಗಿ ಕಾಣುತ್ತವೆ. ಏನು ಓದಿದರೆಂದು ಅಜ್ಜಿಗೆ ತಿಳಿಯುತ್ತಿರಲಿಲ್ಲ, ಏನು ನಡೆಯಿತೆಂದು ಖಚಿತವಾಗಿ ತಿಳಿದಿತ್ತು. ಇಂದು ಏಳು ಗಂಟೆಯ ಪೂಜೆಯಲ್ಲಿ ನನ್ನ ಪಕ್ಕ ನಿಲ್ಲುವವರಲ್ಲಿ ಅನೇಕರದು ಇದಕ್ಕೆ ತಿರುಗುಮುರುಗಾದ ಸ್ಥಿತಿ.

ಸುಧಾರಣೆಯ ಲಾಭವನ್ನು ಅಲ್ಲಗಳೆಯುವವರು ಬೈಬಲ್ ವಾಚನಗಳ ಕಡೆ ನೋಡುವುದಿಲ್ಲ. ಹಳೆಯ ಪೂಜಾಗ್ರಂಥದ ಭಾನುವಾರ ಮತ್ತು ಹಬ್ಬಗಳ ವಾಚನಗಳಲ್ಲಿ, ಕೀರ್ತನೆಗಳನ್ನು ಬಿಟ್ಟರೆ, ಹಳೆಯ ಒಡಂಬಡಿಕೆಯ ಸುಮಾರು ನೂರರಲ್ಲಿ ಒಂದು ಭಾಗ ಮಾತ್ರ ಜನರ ಕಿವಿಗೆ ಬೀಳುತ್ತಿತ್ತು, ಹೊಸ ಒಡಂಬಡಿಕೆಯದು ಸುಮಾರು ಶೇ 17. ಹೊಸ ಕ್ರಮದಲ್ಲಿ ಭಾನುವಾರಗಳಿಗೆ ಮೂರು ವರ್ಷಗಳ, ವಾರದ ದಿನಗಳಿಗೆ ಎರಡು ವರ್ಷಗಳ ಸುತ್ತು ಇದೆ. ಎರಡನ್ನೂ ಕೂಡಿಸಿದರೆ ಹಳೆಯ ಒಡಂಬಡಿಕೆಯ ಸುಮಾರು ಶೇ 14, ಹೊಸದರ ಶೇ 71ರಷ್ಟು ಓದಲಾಗುತ್ತದೆ. ಬೈಬಲ್ ಎಂದರೆ ಪ್ರಾಟೆಸ್ಟಂಟರ ಮನೆಯ ಪುಸ್ತಕ ಎಂದುಕೊಂಡಿದ್ದ ಕಥೋಲಿಕ ಕುಟುಂಬಗಳಲ್ಲಿ ಯೋನನ, ರೂತಳ, ಯೋಬನ ಕಥೆಗಳು ಬಾಯಿಮಾತಾದದ್ದು ಇದರಿಂದಲೇ. ವಾಚನವೇದಿಕೆಗೆ ಹೆಂಗಸರು ಹತ್ತಿದ್ದು, ಶಾಲೆ ಬಿಟ್ಟ ಗಾರೆ ಕೆಲಸದವನೊಬ್ಬ ನೂರಾರು ಜನರೆದುರು ನಿಂತು ಯೆಶಾಯನ ಪ್ರವಾದನೆಯನ್ನು ತಡವರಿಸದೆ ಓದಿದ್ದು ಸಣ್ಣ ಸಂಗತಿಯಲ್ಲ.

ಹಾಗಿದ್ದರೆ ಜನ ಏಕೆ ಕಡಿಮೆಯಾದರು? ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ 1955ರಲ್ಲಿ ಕೇಳಿದಾಗ ಶೇ 75ರಷ್ಟು ಕಥೋಲಿಕರು ಹಿಂದಿನ ಏಳು ದಿನಗಳಲ್ಲಿ ಚರ್ಚಿಗೆ ಹೋಗಿದ್ದೆವೆಂದಿದ್ದರು. 2014ರಿಂದ 2017ರ ಸರಾಸರಿ ಶೇ 39. ಪ್ರಾಟೆಸ್ಟಂಟರ ಪ್ರಮಾಣ 1955ರಲ್ಲಿ ಶೇ 42 ಇದ್ದದ್ದು 2014ರಿಂದ 2017ರ ಸರಾಸರಿಯಲ್ಲಿ ಶೇ 45 ಇತ್ತು. ಅರ್ಥಶಾಸ್ತ್ರಜ್ಞ ರಾಬರ್ಟ್ ಬ್ಯಾರೋ ಮತ್ತು ಸಂಗಡಿಗರು 66 ದೇಶಗಳ ಹಾಜರಾತಿಯನ್ನು ಹಿಂದಕ್ಕೆ ಲೆಕ್ಕಹಾಕಿ 2025ರಲ್ಲಿ ಪ್ರಕಟಿಸಿದ ಅಧ್ಯಯನವೂ 1965ರ ಬಳಿಕ ಕಥೋಲಿಕರ ಹಾಜರಾತಿ ಉಳಿದ ಪಂಗಡಗಳಿಗೆ ಹೋಲಿಸಿದರೆ ಹೆಚ್ಚು ಕುಸಿಯಿತೆಂದು ತೋರಿಸಿತು. ಹಳೆಯ ವಿಧಿಯ ಬೆಂಬಲಿಗರಿಗೆ ಇದು ಕೈಗೆ ಸಿಕ್ಕ ಕೋಲು. ಇದಕ್ಕೆ ಬಹಳ ಹಿಂದೆಯೇ, 1970ರ ದಶಕದಲ್ಲಿ, ಗುರುವೂ ಸಮಾಜಶಾಸ್ತ್ರಜ್ಞರೂ ಆಗಿದ್ದ ಆಂಡ್ರ್ಯೂ ಗ್ರೀಲಿ ಬೇರೊಂದು ಕಾರಣ ಮುಂದಿಟ್ಟಿದ್ದರು. ಅವರ ಪ್ರಕಾರ ಜನರನ್ನು ದೂರ ಮಾಡಿದ್ದು ಹೊಸ ಪೂಜೆಯಲ್ಲ. 1968ರ ಜುಲೈನಲ್ಲಿ ಕೃತಕ ಗರ್ಭನಿರೋಧವನ್ನು ನಿಷೇಧಿಸಿದ ಪೋಪರ ಪತ್ರ.

ಎರಡು ಘಟನೆಗಳು ಒಂದೇ ಕಾಲಕ್ಕೆ ಬಂದವು ಎಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ ಎಂಬ ಮಾತು ಎಲ್ಲರಿಗೂ ಗೊತ್ತಿದೆ. ಆದರೆ ಇಲ್ಲಿ ಅದಕ್ಕಿಂತ ನೇರವಾದ ಪರೀಕ್ಷೆಯಿದೆ. ಅದೇ ಪೂಜಾಗ್ರಂಥ, ಅದೇ ವಾಚನಗಳು, ಜನರತ್ತ ತಿರುಗಿದ ಅದೇ ಬಲಿಪೀಠ ಬೆಂಗಳೂರಿಗೂ ಬಂದವು, ಇಲ್ಲಿ ಚರ್ಚುಗಳು ಬರಿದಾಗಲಿಲ್ಲ. ಭಾನುವಾರ ಎಂಟೂವರೆಯ ಪೂಜೆಗೆ ತಡವಾಗಿ ಬಂದವರು ಹೊರಗೆ ಸ್ಪೀಕರಿನ ಕೆಳಗೆ, ನಿಲ್ಲಿಸಿದ ಸ್ಕೂಟರುಗಳ ಮಧ್ಯೆ ನಿಂತೇ ಪೂಜೆ ಕೇಳುತ್ತಾರೆ. ಪಠ್ಯವೊಂದೇ ವಿಶ್ವಾಸವನ್ನು ಕೆಡಿಸುವುದಾಗಿದ್ದರೆ ಇಲ್ಲಿಯೂ ಕೆಡಿಸಬೇಕಿತ್ತು. ಹಾಗೆಂದು ಪೂಜೆಯ ಬದಲಾವಣೆ ಪರಿಣಾಮ ಬೀರಲೇ ಇಲ್ಲ ಎನ್ನುವಂತೆಯೂ ಇಲ್ಲ. ಒಂದೊಂದು ಊರಿನಲ್ಲಿ ಒಂದೊಂದು ಜಾಗಕ್ಕೆ ಅದು ಬಡಿಯಿತು ಎನ್ನಬೇಕು. ನಮ್ಮ ಊರಿನಲ್ಲಿ ಅದು ಬಡಿದ ಜಾಗ ಯಾವುದು?

1969ರ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ನೋಡಿದರೆ ಉತ್ತರದ ಒಂದು ತುದಿ ಸಿಗುತ್ತದೆ. ಏಪ್ರಿಲ್ 3ಕ್ಕೆ ಹೊಸ ಪೂಜಾಗ್ರಂಥ ಘೋಷಣೆಯಾಯಿತು. ಏಪ್ರಿಲ್ 25ಕ್ಕೆ ಭಾರತದ ಧರ್ಮಾಧ್ಯಕ್ಷರು ಕೇಳಿದ್ದ ಹನ್ನೆರಡು ಅಂಶಗಳ ದೇಶೀಕರಣಕ್ಕೆ ರೋಮ್ ಒಪ್ಪಿಗೆ ಕೊಟ್ಟಿತು: ಮಂಡಿಯೂರುವ ಬದಲು ಕೈಮುಗಿದು ತಲೆಬಾಗುವುದು, ಪಂಚಾಂಗ ಪ್ರಣಾಮ, ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರುವುದು, ಮುತ್ತಿಡುವ ಬದಲು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಮೇಣದಬತ್ತಿಯ ಜಾಗಕ್ಕೆ ಎಣ್ಣೆದೀಪ, ಭಾರವಾದ ಪೂಜಾವಸ್ತ್ರದ ಜಾಗಕ್ಕೆ ಶಾಲು, ಆರತಿ. ಮೇ ತಿಂಗಳ ಮಧ್ಯದಲ್ಲಿ ಬೆಂಗಳೂರಿನ ಧರ್ಮಾರಾಮ್ ಕಾಲೇಜಿನಲ್ಲಿ ಭಾರತದ ಧರ್ಮಸಭೆ ಕುರಿತು ಅಖಿಲ ಭಾರತ ವಿಚಾರಗೋಷ್ಠಿ ನಡೆಯಿತು. ಮೇ 29ಕ್ಕೆ ಪ್ರಸಾದವನ್ನು ಕೈಯಲ್ಲಿ ಸ್ವೀಕರಿಸುವ ಬಗ್ಗೆ ರೋಮಿನ ಸೂಚನೆ ಬಂತು. ಇದೆಲ್ಲದರ ಭಾರತೀಯ ಕಾರ್ಯಾಗಾರವಾಗಿದ್ದದ್ದು 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಎನ್‌ಬಿಸಿಎಲ್‌ಸಿ ಎಂದೇ ಎಲ್ಲರೂ ಕರೆಯುವ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರ. ಅದನ್ನು ಕಟ್ಟಿದ ಡಿ. ಎಸ್. ಅಮಲೋರ್‌ಪವದಾಸ್ ಅವರು ಆಗ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದ ಲೂರ್ದುಸ್ವಾಮಿಯವರ ತಮ್ಮ. ಮುಂದೆ ಮೈಸೂರಿಗೆ ಹೋಗಿ ಅಂಜಲಿ ಆಶ್ರಮ ಸ್ಥಾಪಿಸಿ, ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನಕ್ಕೆ ನೆಲೆ ಒದಗಿಸಿದವರು.

ಈ ದೇಶೀಕರಣವೇನೂ ಆಕಾಶದಿಂದ ಇಳಿದದ್ದಲ್ಲ. ಹದಿನೇಳನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿತ (ಯೇಸುಸಭೆಯ ಗುರು) ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಕನ್ನಡದಲ್ಲಿಯೇ ಧರ್ಮೋಪದೇಶದ ಪುಸ್ತಕ ಬರೆದಿದ್ದರು. ಮೈಸೂರು ಮಿಷನ್ನಿನ ಜೆಸ್ವಿತರು ಸನ್ಯಾಸಿಗಳ ವೇಷ ತೊಟ್ಟು ಓಡಾಡಿದರು. 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಅವರು ಇಂಥ ಆಚಾರಗಳ ಮೇಲೆ ಬಿಗಿ ಕಟ್ಟುಪಾಡು ಹಾಕಿದರು, ಮಿಷನರಿಗಳಿಂದ ಪ್ರಮಾಣ ಮಾಡಿಸುವ ಪದ್ಧತಿ 1940ರವರೆಗೂ ನಡೆಯಿತು. ಕನ್ನಡದಲ್ಲಿ ಉಪದೇಶ ಆರಂಭವಾಗಿ ಮುನ್ನೂರು ವರ್ಷ ಕಳೆದ ಮೇಲೆ ಕನ್ನಡದಲ್ಲಿ ಪೂಜೆ ಆರಂಭವಾಯಿತೆಂದರೆ ಆ ನಡುವಿನ ಅಂತರವೇ ಒಂದು ಇತಿಹಾಸ.

ಆದರೂ ಹನ್ನೆರಡು ಅಂಶಗಳಲ್ಲಿ ನಗರದ ಸಾಮಾನ್ಯ ಧರ್ಮಕೇಂದ್ರಗಳಿಗೆ ಇಳಿದದ್ದು ಕಡಿಮೆ. ಹಬ್ಬದ ದಿನ ಆರತಿ, ಬಾಗಿಲಲ್ಲಿ ದೀಪ ಬೆಳಗುವುದು, ಕೈಮುಗಿಯುವುದು ಉಳಿದವು. ನೆಲದ ಮೇಲೆ ಕೂತು ಅರ್ಪಿಸುವ ಪೂಜೆ ಆಶ್ರಮಗಳಿಗೂ ಗುರುಮಠಗಳಿಗೂ ಸೀಮಿತವಾಯಿತು. ಇದಕ್ಕೆ ಸಂಪ್ರದಾಯವಾದಿಗಳ ವಿರೋಧವೊಂದೇ ಕಾರಣವಲ್ಲ. ಕ್ರೈಸ್ತರಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ದಲಿತರು ಕೇಳಿದ ಪ್ರಶ್ನೆ ಇನ್ನೂ ಚುರುಕಾಗಿತ್ತು: ಸಂಸ್ಕೃತ ಮಂತ್ರ, ಪಂಚಾರತಿ, ಕಾವಿ ಶಾಲುಗಳೇ ಭಾರತೀಯವೆಂದಾದರೆ, ಆ ಭಾರತೀಯತೆಯ ಗರ್ಭಗುಡಿಯ ಹೊರಗೇ ನಿಲ್ಲಿಸಲ್ಪಟ್ಟಿದ್ದ ನಮ್ಮ ಅಜ್ಜ ಮುತ್ತಜ್ಜಂದಿರ ತಮಟೆ, ಹಾಡು, ಹಬ್ಬ ಎಲ್ಲಿ? ಪಂಡಿತರು ಕೂತು ರೂಪಿಸಿದ ದೇಶೀಯತೆಗಿಂತ ಜನ ತಾವೇ ಮಾಡಿಕೊಂಡದ್ದು ಬಾಳಿಕೆ ಬಂತು ಎಂದು ಈಗ ಹಿಂದಿರುಗಿ ನೋಡಿದರೆ ತೋರುತ್ತದೆ.

ಜನ ಮಾಡಿಕೊಂಡದ್ದು ಎಂದರೆ ಮುಖ್ಯವಾಗಿ ಮಾತು. ಹೊಸ ಪೂಜಾಕ್ರಮ ಬಲಿದಾನವನ್ನು ಮಸುಕುಗೊಳಿಸಿ ಊಟದ ಪಂಕ್ತಿಯನ್ನು ಮುಂದೆ ಮಾಡುತ್ತದೆ ಎಂಬುದು 1969ರಲ್ಲಿ ಕಾರ್ಡಿನಲ್ ಒಟ್ಟಾವಿಯಾನಿ ಮತ್ತು ಬಾಚ್ಚಿ ಪೋಪರಿಗೆ ಬರೆದ ಪತ್ರದಿಂದ ಇಂದಿನವರೆಗೆ ಹರಿದು ಬಂದ ದೂರು. ಇಂಗ್ಲಿಷಿನ ‘ಮಾಸ್’ ಎಂಬ ಪದ ಪೂಜೆಯ ಕೊನೆಯಲ್ಲಿ ಜನರನ್ನು ಬೀಳ್ಕೊಡುವ ಲ್ಯಾಟಿನ್ ವಾಕ್ಯದಿಂದ ಬಂದದ್ದು. ಅದರಲ್ಲಿ ಬಲಿಯೂ ಇಲ್ಲ, ಊಟವೂ ಇಲ್ಲ. ಕನ್ನಡ ಕಥೋಲಿಕ ಮಾತ್ರ ‘ಬಲಿಪೂಜೆಗೆ ಹೋಗಿದ್ದೆ’ ಎನ್ನುವಾಗ ದೇವಶಾಸ್ತ್ರದ ಆ ಇಡೀ ವ್ಯಾಜ್ಯದಲ್ಲಿ ತನಗರಿವಿಲ್ಲದೆಯೇ ಒಂದು ಪಕ್ಷ ಹಿಡಿದಿರುತ್ತಾನೆ. ಪೂಜೆಯ ರಚನೆಯಿಂದ ಏನೇ ಮಸುಕಾಗಿರಲಿ, ಹೆಸರಿನಲ್ಲೇ ಬಲಿ ಉಳಿಯಿತು. ಪ್ರಾರ್ಥನೆಯ ಕ್ರಮ ವಿಶ್ವಾಸದ ಕ್ರಮವನ್ನು ರೂಪಿಸುತ್ತದೆ ಎನ್ನುವವರು ಪದಗಳ ಕ್ರಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

‘ಪ್ರಸಾದ’ ಎಂಬ ಪದದ ಕಥೆ ಇಷ್ಟು ಸುಲಭವಲ್ಲ. ದೇವರ ಕೃಪೆ ಎಂಬ ಅರ್ಥವೂ ದೇವರಿಗೆ ಅರ್ಪಿಸಿ ಮರಳಿ ಪಡೆದದ್ದು ಎಂಬ ಅರ್ಥವೂ ಅದರಲ್ಲಿರುವುದರಿಂದ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಮಾತು ಸಿಗಲಿಕ್ಕಿಲ್ಲ. ಆದರೆ ಪ್ರಸಾದವನ್ನು ಕೈಯೊಡ್ಡಿದವರಿಗೆಲ್ಲ ಕೊಡುವುದು ಈ ನೆಲದ ಸಹಜ ಧರ್ಮ, ಕೊಡದಿರುವುದು ಅಪಚಾರ. ಗುರುವಾರದಂದು ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ಇಂಥ ಕಡೆಗಳಲ್ಲಿ ಪ್ರಸಾದ ಹಂಚುವ ಮುನ್ನ, ಜ್ಞಾನಸ್ನಾನ ಪಡೆದ ಕಥೋಲಿಕರು ಮಾತ್ರ ಮುಂದೆ ಬನ್ನಿ ಎಂದು ಮೈಕಿನಲ್ಲಿ ಹೇಳಬೇಕಾಗುತ್ತದೆ. ಒಮ್ಮೆ ನನ್ನ ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು, ಹಣೆಯಲ್ಲಿ ಕುಂಕುಮವಿದ್ದವರು, ಆ ಪ್ರಕಟಣೆ ಕೇಳಿ ಪಕ್ಕಕ್ಕೆ ಸರಿದು ಕಂಬಕ್ಕೊರಗಿ ನಿಂತರು. ಪೂಜೆ ಮುಗಿದ ಮೇಲೆ ನನ್ನನ್ನು ಕೇಳಿದ್ದು, ‘ಪ್ರಸಾದ ಅಂತೀರಿ, ಮತ್ತೆ ಯಾಕಣ್ಣ ಕೊಡಲ್ಲ?’ ಎಂದು. ಅದು ಯೇಸುವಿನ ಶರೀರವೇ ಎಂಬ ಬೋಧನೆಯನ್ನು ಆ ಜಾಗದಲ್ಲಿ ನಿಂತು ಎರಡು ವಾಕ್ಯದಲ್ಲಿ ಹೇಳಲು ಹೊರಟಾಗ, ನನಗೇ ಅದನ್ನು ಕನ್ನಡದಲ್ಲಿ ಯಾರೂ ಸರಿಯಾಗಿ ವಿವರಿಸಿರಲಿಲ್ಲವೆಂದು ಹೊಳೆಯಿತು. ಅಮೆರಿಕದ ಪ್ಯೂ ಸಂಸ್ಥೆ 2019ರಲ್ಲಿ ಕೇಳಿದಾಗ ಅಲ್ಲಿನ ಕಥೋಲಿಕರಲ್ಲಿ ಶೇ 31ರಷ್ಟು ಜನ ಮಾತ್ರ ರೊಟ್ಟಿ ನಿಜವಾಗಿಯೂ ಯೇಸುವಿನ ಶರೀರವಾಗುತ್ತದೆಂದು ಹೇಳಿದರು. ಇಲ್ಲಿ ಕೇಳಿದರೆ ಬಹುಮಂದಿ ಹೌದೆಂದೇ ಹೇಳುತ್ತಾರೆ ಎಂದು ನನಗನ್ನಿಸುತ್ತದೆ, ಆದರೆ ಅದರಲ್ಲಿ ಎಷ್ಟು ಪಾಲು ಬೋಧನೆಯದು, ಎಷ್ಟು ಪಾಲು ‘ಪ್ರಸಾದ’ ಎಂಬ ಪದ ತಾನಾಗಿ ತಂದ ಭಯಭಕ್ತಿಯದು ಎಂದು ಬೇರ್ಪಡಿಸುವುದು ಕಷ್ಟ.

ಕೈಯಲ್ಲಿ ಪ್ರಸಾದ ಸ್ವೀಕರಿಸುವ ವಿಚಾರದಲ್ಲೂ ಇಲ್ಲಿನ ತೊಡಕು ಪಶ್ಚಿಮದ್ದಲ್ಲ. ಅಲ್ಲಿನವರ ಆಕ್ಷೇಪ, ನಾಲಿಗೆಯಿಂದ ಕೈಗೆ ಬಂದದ್ದರಿಂದ ಗೌರವ ಕಡಿಮೆಯಾಯಿತೆಂದು. ಇಲ್ಲಿ ಮಕ್ಕಳಿಗೆ ಕಲಿಸುವಾಗ ಎಡಗೈ ಮೇಲೆ, ಬಲಗೈ ಕೆಳಗೆ, ಎಡ ಅಂಗೈಯಲ್ಲಿ ಪಡೆದು ಬಲಗೈಯಿಂದ ಬಾಯಿಗೆ ಎಂದು ಹೇಳಿಕೊಡುತ್ತಾರೆ. ಎಡಗೈಯಲ್ಲಿ ದೇವರ ಪ್ರಸಾದ ಹಿಡಿಯಬಾರದೆಂದು ಮನೆಯಲ್ಲಿ ಏಟು ತಿಂದು ಬೆಳೆದ ಮಗು ಆ ಗಳಿಗೆಯಲ್ಲಿ ಎರಡು ಧರ್ಮಗಳ ನಡುವೆ ಅಲ್ಲ, ಎರಡು ಕೈಗಳ ನಡುವೆ ಸಿಕ್ಕಿಕೊಳ್ಳುತ್ತದೆ. ನಾಲ್ಕನೇ ಶತಮಾನದ ಜೆರುಸಲೇಮಿನ ಸಂತ ಸಿರಿಲ್ಲರ ಹೆಸರಿನಲ್ಲಿರುವ ಉಪದೇಶದಲ್ಲಿ ಎಡಗೈಯನ್ನು ಬಲಗೈಗೆ ಸಿಂಹಾಸನವನ್ನಾಗಿ ಮಾಡಿ ರಾಜನನ್ನು ಬರಮಾಡಿಕೊಳ್ಳಿ ಎಂದಿದೆ, ಅಂದರೆ ಬಲಗೈ ಮೇಲೆ. ಅದು ತೀರ್ಥ ತೆಗೆದುಕೊಳ್ಳುವ ನಮ್ಮವರ ರೀತಿಗೇ ಹತ್ತಿರ. ಪುರಾತನ ಮಾದರಿಯೂ ಸ್ಥಳೀಯ ಮರ್ಯಾದೆಯೂ ಒಂದೇ ಕಡೆಗೆ ಬೆರಳು ಮಾಡುತ್ತಿದ್ದಾಗ ನಾವು ಯುರೋಪಿನ ಇತ್ತೀಚಿನ ಅಭ್ಯಾಸವನ್ನು ಎತ್ತಿಕೊಂಡೆವು. ಇಂಥ ಸಣ್ಣ ಅಜಾಗರೂಕತೆಗಳೇ ನನ್ನ ದೃಷ್ಟಿಯಲ್ಲಿ ಲ್ಯಾಟಿನ್ ಹೋದದ್ದಕ್ಕಿಂತ ಹೆಚ್ಚು ನಷ್ಟ ಮಾಡಿವೆ.

ಮತ್ತೆ ಫಲಕಕ್ಕೆ ಬರೋಣ. ಲ್ಯಾಟಿನ್ ಯಾರ ಮಾತೃಭಾಷೆಯೂ ಆಗಿರಲಿಲ್ಲವಾದ್ದರಿಂದ ಅದರ ಬಗ್ಗೆ ಜಗಳವಾಡಲು ಯಾರಿಗೂ ಕಾರಣವಿರಲಿಲ್ಲ. ‘ಜನರ ಭಾಷೆ’ ಎಂದು ರೋಮ್ ಹೇಳಿದಾಗ, ಹೆಚ್ಚುಕಮ್ಮಿ ಒಂದೇ ಭಾಷೆಯ ಪೋಲೆಂಡಿಗೆ ಅದು ಸರಳ ಸಂಗತಿ. ಬೆಂಗಳೂರಿಗೆ ಯಾವ ಜನ, ಯಾವ ಭಾಷೆ ಎಂಬುದೇ ಮೊದಲ ಪ್ರಶ್ನೆ. 1809ರಲ್ಲಿ ದಂಡು ಪ್ರದೇಶ ಬಂದಾಗಿನಿಂದ ಅಲ್ಲಿನ ಕಥೋಲಿಕರಲ್ಲಿ ತಮಿಳರು ಬಹುಸಂಖ್ಯೆಯಲ್ಲಿದ್ದರು. ಸುತ್ತಲಿನ ಹಳ್ಳಿಗಳಲ್ಲಿ, ಕನಕಪುರದ ಹಾರೋಬೆಲೆಯಂಥ ಊರುಗಳಲ್ಲಿ, ಕನ್ನಡ ಕಥೋಲಿಕರು ತಲೆತಲಾಂತರದಿಂದ ಇದ್ದರು. ಮಂಗಳೂರಿನಿಂದ ಬಂದ ಕೊಂಕಣಿಗರು, ಕೇರಳದವರು, ಇಂಗ್ಲಿಷನ್ನೇ ಮನೆಮಾತಾಗಿಸಿಕೊಂಡವರು ಇನ್ನಷ್ಟು. ಪೂಜೆಗೆ ಭಾಷೆ ಬಂದ ಕೂಡಲೇ ಯಾವ ಭಾಷೆಗೆ ಯಾವ ಗಂಟೆ ಎಂಬುದು ಹಕ್ಕಿನ ಪ್ರಶ್ನೆಯಾಯಿತು. ರಾಜ್ಯದಲ್ಲಿ ಗೋಕಾಕ್ ಚಳವಳಿಯ ಕಾವಿದ್ದ ಎಂಬತ್ತರ ದಶಕದಲ್ಲಿ ಕನ್ನಡ ಕ್ರೈಸ್ತರ ಸಂಘಟನೆಗಳೂ ಚರ್ಚಿನೊಳಗೆ ಕನ್ನಡಕ್ಕೆ ಸ್ಥಾನ ಕೇಳಿ ಹೋರಾಡಿದವು. ನಾಡಭಾಷೆಯಲ್ಲಿ ನಾಡಿನ ದೇವಾಲಯದಲ್ಲಿ ಪೂಜೆ ಕೇಳಲು ಹೋರಾಡಬೇಕಾಯಿತೆಂಬುದು ಅನ್ಯಾಯವೇ, ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಬಲಿಪೂಜೆಯ ಹೊತ್ತಿನಲ್ಲೇ ಘೋಷಣೆ ಕೂಗಿದ, ಪೊಲೀಸರನ್ನು ಆವರಣಕ್ಕೆ ಕರೆಸಿದ ದಿನಗಳನ್ನು ನೋಡಿ ಬೆಳೆದ ಮಕ್ಕಳು ಅದರಿಂದ ಕಲಿತದ್ದೇನು? ಧರ್ಮಸಭೆ ಒಂದೇ ಶರೀರ ಎಂದು ಪ್ರಾರ್ಥನೆ ಹೇಳುತ್ತಿತ್ತು, ಫಲಕ ಹೇಳುತ್ತಿದ್ದದ್ದು ಇನ್ನೊಂದನ್ನು. ಮಕ್ಕಳು ಫಲಕವನ್ನು ನಂಬಿದರು.

ಕೇರಳ ಮೂಲದ, ತನ್ನದೇ ಪೂಜಾವಿಧಿಯುಳ್ಳ ಕಥೋಲಿಕ ಸಭೆಯಾದ ಸಿರೋ ಮಲಬಾರ್ ಸಭೆಯ ಗಲಾಟೆಯನ್ನು ಇಲ್ಲಿ ಒಂದು ಮಾತಿನಲ್ಲಿ ನೆನೆದರೆ ಸಾಕು. ಗುರುಗಳು ಪೂಜೆಯ ಯಾವ ಭಾಗದಲ್ಲಿ ಜನರತ್ತ, ಯಾವ ಭಾಗದಲ್ಲಿ ಪೀಠದತ್ತ ಮುಖ ಮಾಡಬೇಕೆಂಬ ವಿಷಯಕ್ಕೆ 2021ರಿಂದ ಎರ್ನಾಕುಳಂ ಕಡೆ ಉಪವಾಸ, ಘರ್ಷಣೆ, ಚರ್ಚಿಗೆ ಬೀಗ ಎಲ್ಲವೂ ಆಗಿ, 2025ರ ಜುಲೈನಲ್ಲಿ ಒಂದು ಹೊಂದಾಣಿಕೆ ಮೂಡಿತು. ಮುಖ ತಿರುಗಿಸುವುದು ಚಿಕ್ಕ ವಿಷಯವೆನ್ನುವವರಿಗೆ ಅದೊಂದು ಉತ್ತರ.

ಇಷ್ಟೆಲ್ಲದರ ನಡುವೆ ಬೆಂಗಳೂರಿನ ವಿಶ್ವಾಸವನ್ನು ಹಿಡಿದು ನಿಲ್ಲಿಸಿದ್ದು ಯಾವುದು ಎಂದರೆ, ಸುಧಾರಣೆ ಹೆಚ್ಚು ಮುಟ್ಟದೆ ಬಿಟ್ಟದ್ದು. ಆಗಸ್ಟ್ 29ರಂದು ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದಲ್ಲಿ ಧ್ವಜ ಏರುತ್ತದೆ. ಒಂಬತ್ತು ದಿನದ ನೊವೇನ ಪ್ರಾರ್ಥನೆ, ಸೀರೆ ಉಟ್ಟ ಆರೋಗ್ಯಮಾತೆ, ಕಾವಿ ಬಟ್ಟೆ ತೊಟ್ಟು ವ್ರತ ಹಿಡಿದವರು, ಸೆಪ್ಟೆಂಬರ್ 8ರ ತೇರು. ಅಲ್ಲಿ ಪೂಜೆಯ ಭಾಷೆ ಗಂಟೆಗೊಂದರಂತೆ ಬದಲಾದರೂ ಜನ ಕದಲುವುದಿಲ್ಲ, ಏಕೆಂದರೆ ಅವರು ಬಂದದ್ದು ಮಾತು ಕೇಳಲಿಕ್ಕಲ್ಲ. ಹರಕೆ, ಉಪವಾಸ, ಬರಿಗಾಲು, ಸಾಲಿನಲ್ಲಿ ನಿಂತು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ನಮ್ಮಜ್ಜಿ ಮಂಡಿಯೂರಿ ಮಾಡುತ್ತಿದ್ದದ್ದರ ಮುಂದುವರಿಕೆ ಇಂದು ಇರುವುದು ಭಾನುವಾರದ ಪೂಜೆಯಲ್ಲಲ್ಲ, ಈ ಒಂಬತ್ತು ದಿನಗಳಲ್ಲಿ. ಪೂಜೆಯನ್ನು ಅರ್ಥವಾಗುವ ಪಾಠವನ್ನಾಗಿ ಮಾಡಿದವರು ಮೈಗೆ ಕೊಡಬೇಕಾದ ಕೆಲಸವನ್ನು ತೆಗೆದುಹಾಕಿದರು. ಆ ಕೆಲಸವನ್ನು ಜನ ತೇರಿನ ಬೀದಿಯಲ್ಲಿ ಹುಡುಕಿಕೊಂಡರು. ಇದನ್ನು ಮೂಢಭಕ್ತಿ ಎಂದು ಸೆಮಿನರಿಯ ಪಾಠದಲ್ಲಿ ಹೀಗಳೆಯುವುದುಂಟು. ಯುರೋಪಿನಲ್ಲಿ ಇದನ್ನು ಸಲೀಸಾಗಿ ಗುಡಿಸಿಹಾಕಿದ ಮೇಲೆ ಉಳಿದದ್ದೇನೆಂದು ನೋಡಿದವರು ಅಷ್ಟು ಧೈರ್ಯವಾಗಿ ಹಾಗೆನ್ನಲಾರರು.

ಈಗಿನ ತಲೆಮಾರಿನ ವಿಷಯಕ್ಕೆ ಬಂದರೆ ಕನ್ನಡ ಪೂಜೆಯೇ ಇನ್ನೊಂದು ಲ್ಯಾಟಿನ್ ಆಗುತ್ತಿದೆಯೇನೋ ಎಂಬ ಅನುಮಾನ ನನಗಿದೆ. ಕನ್ನಡ ಮಾತಾಡುವ ಮನೆಯ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ, ಧರ್ಮೋಪದೇಶದ ತರಗತಿಯೂ ಇಂಗ್ಲಿಷಿನಲ್ಲಿ, ಪಾಪನಿವೇದನೆಯ ಪ್ರಾರ್ಥನೆ ಬಾಯಿಪಾಠವಾಗಿರುವುದೂ ಇಂಗ್ಲಿಷಿನಲ್ಲಿ. ಅಜ್ಜಿ ಏಳಕ್ಕೆ ಹೋದರೆ ಮೊಮ್ಮಗ ಎಂಟೂವರೆಗೆ ಹೋಗುತ್ತಾನೆ, ಒಂದೇ ದೇವಾಲಯಕ್ಕೆ ಒಂದೇ ದಿನ. ಇಂಗ್ಲಿಷಿನವರಿಗೂ ಮಾತು ನಿಂತಲ್ಲಿ ನಿಂತಿಲ್ಲ. 2020ರಲ್ಲಿ ಈಸ್ಟರಿನ ಹಿಂದಿನ ಗರಿಗಳ ಭಾನುವಾರದಿಂದ ಭಾರತದ ಇಂಗ್ಲಿಷ್ ಪೂಜೆಗಳಿಗೆ ಹೊಸ ಅನುವಾದದ ವಾಚನಗ್ರಂಥ ಬಂತು, ಅದಕ್ಕೆ ಆಧಾರವಾದ ಬೈಬಲ್ ಅಚ್ಚಾದದ್ದು ಬೆಂಗಳೂರಿನಲ್ಲೇ. ಜಾರಿಗೆ ಬರಬೇಕಿದ್ದ ಆ ಏಪ್ರಿಲ್ 5ರಂದು ಲಾಕ್‌ಡೌನ್‌ನಿಂದಾಗಿ ಚರ್ಚುಗಳೇ ಮುಚ್ಚಿದ್ದವು.

ಕಳೆದ ವರ್ಷ ನಮ್ಮ ಓಣಿಯ ಹಿರಿಯರೊಬ್ಬರ ಅಂತ್ಯಸಂಸ್ಕಾರದ ಬಲಿಪೂಜೆ ಕನ್ನಡದಲ್ಲಿ ನಡೆಯಿತು, ಅದು ಅವರ ಕಡೆಯ ಆಸೆಯಾಗಿತ್ತು. ಮೊದಲ ಸಾಲಿನಲ್ಲಿ ಐವರು ಮೊಮ್ಮಕ್ಕಳಿದ್ದರು. ಗುರುಗಳು ಹೇಳಿದ ಪ್ರತಿ ಪ್ರಾರ್ಥನೆಗೆ ಉತ್ತರ ಹಿಂದಿನ ಸಾಲಿನ ಮುದುಕರಿಂದ ಬರುತ್ತಿತ್ತು. ಮೊಮ್ಮಕ್ಕಳು ಪುಟ ತಿರುವುತ್ತ, ಸಾಲು ಸಿಗದೆ, ಸುಮ್ಮನೆ ನಿಂತಿದ್ದರು. ‘ಅಲ್ಲೆಲೂಯ’ ಬಂದಾಗ ಐವರೂ ಹಾಡಿದರು. ಕೊನೆಯಲ್ಲಿ ಪೆಟ್ಟಿಗೆಯ ಮೇಲೆ ಪವಿತ್ರ ಜಲ ಚಿಮುಕಿಸಿದಾಗ ‘ಆಮೆನ್’ ಎಂದರು. ಎರಡೂ ಹೀಬ್ರೂ ಪದಗಳು, ಲ್ಯಾಟಿನ್ ಪೂಜೆಯಲ್ಲೂ ಹಾಗೆಯೇ ಇದ್ದವು, ಕನ್ನಡಕ್ಕೆ ಬಂದಾಗಲೂ ಯಾರೂ ಅನುವಾದ ಮಾಡಲಿಲ್ಲ.